ಸೈಕಲ್ ಸ್ಟ್ಯಾಂಡ್ ಹಾಕಿ ನೋಡುವ ಹುಬ್ಬಳ್ಳಿ-ಧಾರವಾಡ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ಉಣಕಲ್ ಕೆರೆ ಕಡೆಗೆ ಸೈಕಲ್ ತಿರುಗಿಸುವುದು ನನ್ನ ಹಳೇ ಚಟ. ಶುರುವಾಗಿದ್ದು ಹೊಟ್ಟೆ ಕರಗಿಸಲು. ಹೊಟ್ಟೆ ಇದ್ದಲ್ಲೇ ಇದೆ, ಕಲ್ಲು ನೋಡುವ ಹುಚ್ಚು ಮಾತ್ರ ಹತ್ತಿಕೊಂಡಿತು. ಜತೆಗೆ ಬರುವವರು, ದಾರಿಯಲ್ಲಿ ಚಾ ಕುಡಿಯುವಾಗ ಸಿಗುವವರು, ಪತ್ರ ಬರೆಯುವವರು ಸುತ್ತಿ ಬಳಸಿ ಇವನ್ನೇ ಕೇಳುತ್ತಾರೆ. ಕೇಳಿದವರ ಮಾತಿನಲ್ಲೇ ಪ್ರಶ್ನೆ ಇಟ್ಟಿದ್ದೇನೆ.

## ಮೊದಲ ಸಲ ಹೊರಡುವವರಿಗೆ

ಗುಡಿ ನೋಡಾಕ ಬೈಕ್ ಮ್ಯಾಲೂ ಹೋಗಬಹುದಲ್ರೀ, ಸೈಕಲ್ ಯಾಕ?

ಹೋಗಬಹುದು. ಆದರೆ ಬೈಕಿನವನು ಮೊದಲೇ ಗೊತ್ತಿದ್ದ ಗುಡಿಗೆ ಹೋಗುತ್ತಾನೆ. ಸೈಕಲ್ಲಿನವನಿಗೆ ಗೊತ್ತಿಲ್ಲದ್ದು ಸಿಗುತ್ತದೆ. ಬೇವಿನ ಮರದ ಬುಡದಲ್ಲಿ ಅರ್ಧ ಹೂತ ಕಲ್ಲು, ಹೊಸ ಮನೆಯ ಪಾಯದಲ್ಲಿ ಸೇರಿಕೊಂಡ ಹಳೇ ಕಂಬದ ತುಂಡು, ಬಾವಿಯ ಗೋಡೆಯಲ್ಲಿ ತಲೆಕೆಳಗಾಗಿ ಕೂತ ಶಾಸನ, ಇವೆಲ್ಲ ಗಂಟೆಗೆ ಹನ್ನೆರಡು ಕಿಲೋಮೀಟರ್ ವೇಗದಲ್ಲಿ ಕಾಣುತ್ತವೆ, ನಲವತ್ತರಲ್ಲಿ ಕಾಣುವುದಿಲ್ಲ. ನಡೆದರೆ ಇನ್ನೂ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಬಿಸಿಲೇರುವ ಹೊತ್ತಿಗೆ ಒಂದು ಓಣಿ ಮುಗಿದಿರುತ್ತದೆ ಅಷ್ಟೇ.

ಇನ್ನೊಂದು ಅನುಕೂಲ: ಸೈಕಲ್ ನಿಲ್ಲಿಸಿ ಕಲ್ಲು ನೋಡುತ್ತಾ ನಿಂತವನನ್ನು ಜನ ತಾವಾಗಿಯೇ ಮಾತನಾಡಿಸುತ್ತಾರೆ. ಕಾರಿನಿಂದ ಇಳಿದವನನ್ನು ಜಮೀನು ಅಳೆಯಲು ಬಂದವನು ಅಂದುಕೊಳ್ಳುತ್ತಾರೆ.

ಹುಬ್ಬಳ್ಳ್ಯಾಗ ನೋಡಾಕ ಏನೈತ್ರೀ? ಎಲ್ಲಾ ಹಂಪಿ, ಬದಾಮಿ ಕಡೆನ ಐತಲ್ಲ?

ಈ ಪ್ರಶ್ನೆ ಕೇಳಿದವರು ಹೆಚ್ಚಾಗಿ ಹುಬ್ಬಳ್ಳಿಯವರೇ. ಉಣಕಲ್ ಕೆರೆ ಉದ್ಯಾನಕ್ಕೆ ವರ್ಷಕ್ಕೆ ಹತ್ತು ಸಲ ಹೋಗಿರುತ್ತಾರೆ. ನೀರಿನ ನಡುವೆ ನಿಂತ ವಿವೇಕಾನಂದರ ಮೂರ್ತಿಯ ಫೋಟೋ ತೆಗೆದಿರುತ್ತಾರೆ, ಗಿರಮಿಟ್ ತಿಂದಿರುತ್ತಾರೆ. ಅಲ್ಲಿಂದ ಸೈಕಲ್ಲಿನಲ್ಲಿ ಸ್ವಲ್ಪವೇ ದೂರದಲ್ಲಿ, ಉಣಕಲ್ಲಿನ ಹಳೇ ಓಣಿಗಳ ನಡುವೆ ಸುಮಾರು 900 ವರ್ಷದ ಚಂದ್ರಮೌಳೇಶ್ವರ ಗುಡಿ ಇದೆ. ಅದನ್ನು ನೋಡಿರುವುದಿಲ್ಲ.

ಓಣಿಯಲ್ಲಿ ತಿರುಗುವಾಗ ಗುಡಿ ಕಾಣುವುದೇ ಇಲ್ಲ. ಮನೆ, ಮನೆ, ನಳದ ಹತ್ತಿರ ಕೊಡ, ಒಗೆದ ಬಟ್ಟೆ, ಆಮೇಲೆ ಒಮ್ಮೆಗೇ ಕಲ್ಲಿನ ಗೋಡೆ. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ ಇದು. ಇದರ ವಿಶೇಷ ಬಾಗಿಲುಗಳಲ್ಲಿದೆ. ಸಾಮಾನ್ಯವಾಗಿ ಗರ್ಭಗುಡಿಗೆ ಒಂದೇ ಬಾಗಿಲು ಇರುತ್ತದೆ ಅಲ್ವಾ? ಇಲ್ಲಿ ನಾಲ್ಕೂ ದಿಕ್ಕಿಗೆ ಬಾಗಿಲು, ಒಳಗೆ ನಾಲ್ಕು ಮುಖದ ಲಿಂಗ. ಯಾವ ಕಡೆಯಿಂದ ಬಂದರೂ ದೇವರು ಎದುರಿಗೇ ಸಿಗುತ್ತಾನೆ. ಜಾಲಂಧ್ರಗಳನ್ನು, ಅಂದರೆ ಕಲ್ಲಿನಲ್ಲೇ ಕೊರೆದ ಕಿಟಕಿಗಳನ್ನು, ಒಳಗೆ ನಿಂತು ನೋಡಿ. ಬೆಳಕು ಸೋಸಿಕೊಂಡು ಬರುತ್ತದೆ. ಹೊರಗೋಡೆಯಲ್ಲಿ ಕುಣಿಯುವ ಗಣಪತಿಯನ್ನು ಹುಡುಕಿ. ಮಕ್ಕಳಿದ್ದರೆ ಈ ಕೆಲಸ ಅವರಿಗೆ ಬಿಡಿ, ನಿಮಗಿಂತ ಬೇಗ ಹುಡುಕುತ್ತಾರೆ.

ಅಲ್ಲಿಂದ ಹಳೇ ಹುಬ್ಬಳ್ಳಿಯ ಭವಾನಿಶಂಕರ ಗುಡಿಗೂ ಹೋಗಿ ಬನ್ನಿ. ಅದೂ ಚಾಲುಕ್ಯರ ಕಾಲದ್ದೇ. ಒಳಗಿನ ನಾರಾಯಣನ ಮೂರ್ತಿಯ ಸುತ್ತ ದಶಾವತಾರ ಕೆತ್ತಿದ್ದಾರೆ.

ಗೇರ್ ಸೈಕಲ್ಲೇ ಬೇಕಾ?

ಬೇಡ. ಊರೊಳಗೆ ಸಾದಾ ಸೈಕಲ್ ಸಾಕು. ಬೇಕಾದದ್ದು ಗಟ್ಟಿ ಸ್ಟ್ಯಾಂಡು, ಬೀಗ, ಒಂದು ಬಾಟಲಿ ನೀರು. ದುಬಾರಿ ಸೈಕಲ್ಲಿಗೆ ಸ್ಟ್ಯಾಂಡೇ ಇರುವುದಿಲ್ಲ, ಪ್ರತಿ ಸಲ ಒರಗಿಸಲು ಗೋಡೆ ಹುಡುಕಬೇಕು. ಆ ಗೋಡೆ ಎಂಟುನೂರು ವರ್ಷದ್ದಾಗಿರದಿರಲಿ.

ಉದ್ಯಾನದೊಳಗ ಸೈಕಲ್ ಹೊಡೀಬಹುದಾ?

ವಾಕಿಂಗಿಗೆ ಬರುವ ಹಿರಿಯರ ನಡುವೆ ಗಂಟೆ ಬಾರಿಸುತ್ತಾ ಹೋಗುವುದು ನನಗೆ ಸರಿ ಅನ್ನಿಸುವುದಿಲ್ಲ. ಗೇಟಿನ ಹೊರಗೆ ಬೀಗ ಹಾಕಿ ನಿಲ್ಲಿಸುತ್ತೇನೆ. ಗುಡಿಗಳ ಆವರಣದೊಳಗಂತೂ ತಳ್ಳಿಕೊಂಡೂ ಹೋಗಬೇಡಿ.

ಯಾವಾಗ ಹೋದ್ರ ಚಲೋ?

ಬೆಳಗ್ಗೆ ಆರೂವರೆಯಿಂದ ಒಂಬತ್ತು, ಇಲ್ಲವೇ ಸಂಜೆ ನಾಲ್ಕೂವರೆಯ ಮೇಲೆ. ಬಿಸಿಲಿನ ಮಾತು ಹಾಗಿರಲಿ, ನೆರಳಿಗಾಗಿ. ಕೆತ್ತನೆ ಕಾಣುವುದು ಓರೆ ಬೆಳಕಿನಲ್ಲಿ. ನಡುಮಧ್ಯಾಹ್ನ ಎಲ್ಲ ಮೂರ್ತಿಗಳೂ ಚಪ್ಪಟೆ.

ಹಾವೇರಿಯ ಸಿದ್ದೇಶ್ವರ ಗುಡಿಗೆ ಮಾತ್ರ ಸಂಜೆಯೇ ಹೋಗಿ. ಹೆಚ್ಚಿನ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಅದು ಪಶ್ಚಿಮಕ್ಕೆ ಮಾಡಿದೆ. ಇಳಿಬಿಸಿಲು ಸೀದಾ ಮುಂಭಾಗಕ್ಕೇ ಬೀಳುತ್ತದೆ. ಊರ ನಡುವೆ ಹುಲ್ಲುಹಾಸಿನ ತೋಟದಲ್ಲಿ ನಿಂತ ಗುಡಿ, ಆವರಣದಲ್ಲೇ ವೀರಗಲ್ಲುಗಳನ್ನೂ ಇಟ್ಟಿದ್ದಾರೆ. ಸುಮ್ನೆ ಹುಲ್ಲಿನ ಮೇಲೆ ಒಂದು ತಾಸು ಕೂತು ಬಂದರೂ ನಷ್ಟವಿಲ್ಲ.

ಮಳೆಗಾಲದಲ್ಲಿ ಹುಬ್ಬಳ್ಳಿಯ ಪೂರ್ವಕ್ಕೆ, ಅಣ್ಣಿಗೇರಿ, ಗದಗ ಕಡೆ ಡಾಂಬರು ಬಿಟ್ಟು ಇಳಿಯಬೇಡಿ. ಎರೆಮಣ್ಣು ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡಿನಲ್ಲಿ ತುಂಬಿ, ಸೈಕಲ್ ನಿಮ್ಮನ್ನು ಹೊರುವ ಬದಲು ನೀವು ಸೈಕಲ್ ಹೊರಬೇಕಾಗುತ್ತದೆ. ಒಮ್ಮೆ ಹೊತ್ತಿದ್ದೇನೆ.

## ಕಣ್ಣು ಸ್ವಲ್ಪ ಪಳಗಿದ ಮೇಲೆ

ಹನುಮಪ್ಪನ ಗುಡಿ ಕಟ್ಟಿಗೆ ಒರಗಿಸಿಟ್ಟ ಕಲ್ಲಿನಾಗ ಮಂದಿ ಬಡಿದಾಡೋದು ಕೆತ್ಯಾರ. ಏನದು?

ವೀರಗಲ್ಲು. ನಮ್ಮ ಸೀಮೆಯಲ್ಲಿ ಇವು ಎಷ್ಟಿವೆ ಅಂದರೆ, ಹಳ್ಳಿಗೆ ಒಂದಾದರೂ ಸಿಗಬಹುದು ಅಂದುಕೊಂಡೇ ನಾನು ಹೊರಡುತ್ತೇನೆ.

ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಕೆಳಗಿನದರಲ್ಲಿ ಕಾಳಗ: ಕತ್ತಿ, ಗುರಾಣಿ, ಬಿಲ್ಲು, ಕೆಲವೊಮ್ಮೆ ಕುದುರೆ. ನಡುವಿನದರಲ್ಲಿ ಸತ್ತ ವೀರನನ್ನು ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುತ್ತಾರೆ. ಮೇಲಿನದರಲ್ಲಿ ಅವನು ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಮೂರ್ತಿ ಇರುತ್ತದೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವ ತನಕ ಇವನ ಹೆಸರೂ ಇರಲಿ ಅಂತ.

ಕೆಳಗಿನ ಅಂಕಣಕ್ಕೆ ಸ್ವಲ್ಪ ಹೊತ್ತು ಕೊಡಿ. ದನಗಳು ಸಾಲಾಗಿ ಕಂಡರೆ ಅದು ತುರುಗೊಳ್: ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆಯುತ್ತಾ ಸತ್ತವನ ಕಲ್ಲು. ಹಂದಿ ಇದ್ದರೆ ಬೇಟೆಯಲ್ಲಿ ಸತ್ತವನು. ರಾಜರ ದೊಡ್ಡ ಯುದ್ಧಕ್ಕಿಂತ ಊರ ದನ ಉಳಿಸಲು ಸತ್ತವನ ಕಲ್ಲು ನನ್ನನ್ನು ಜಾಸ್ತಿ ಹೊತ್ತು ನಿಲ್ಲಿಸುತ್ತದೆ. ಅವನ ಮನೆ ಅಲ್ಲೇ ಎಲ್ಲೋ ಇತ್ತು, ಆ ದನ ಕುಡಿಯುತ್ತಿದ್ದ ಕೆರೆಯೂ ಇರಬಹುದು.

ಒಂದು ತಪ್ಪೊಪ್ಪಿಗೆ. ಕುಂದಗೋಳ ಕಡೆಯ ಒಂದು ಹಳ್ಳಿಯಲ್ಲಿ ನೀರು ಕುಡಿಯಲು ನಿಂತಾಗ ಸುಣ್ಣ ಬಳಿದ ಕಲ್ಲೊಂದಕ್ಕೆ ಸೈಕಲ್ ಒರಗಿಸಿದ್ದೆ. ಕಟ್ಟೆಯ ಮೇಲಿದ್ದ ಅಜ್ಜಿ, "ಏ ತಮ್ಮಾ, ನಮ್ಮ ಹಿರ್ಯಾನ ಎದಿ ಮ್ಯಾಲೆ ಇಡ್ತಿಯೇನ ನಿನ್ನ ಗಾಡಿ?" ಅಂದಳು. ತೆಗೆದು ನೋಡಿದರೆ ಸುಣ್ಣದ ಕೆಳಗೆ ಕುದುರೆಯ ಕಾಲು ಕಾಣುತ್ತಿತ್ತು. ಆಮೇಲೆ ಅಜ್ಜಿಯೇ ಚಾ ಕೊಟ್ಟಳು, ಅದು ಬೇರೆ ಮಾತು.

ಬರೇ ಒಂದು ಕೈ, ಬಳಿ ಹಾಕ್ಕೊಂಡಿದ್ದು, ಕೆತ್ತಿದ ಕಲ್ಲು ನೋಡಿದೆ. ಅದ್ಯಾರ್ದು?

ಮಹಾಸತಿ ಕಲ್ಲು, ಜನ ಮಾಸ್ತಿಕಲ್ಲು ಅನ್ನುತ್ತಾರೆ. ಗಂಡನ ಚಿತೆಯಲ್ಲಿ ಪ್ರಾಣ ಬಿಟ್ಟವಳ ನೆನಪಿಗೆ ನಿಲ್ಲಿಸಿದ್ದು. ಕಂಬದಿಂದ ಚಾಚಿದ ತೋಳು, ಮೇಲಕ್ಕೆತ್ತಿದ ಅಂಗೈ, ಮುತ್ತೈದೆತನದ ಗುರುತಾಗಿ ಬಳೆ. ವೀರಗಲ್ಲನ್ನು ನೋಡಿದ ಹೆಮ್ಮೆಯಲ್ಲಿ ಇದನ್ನು ನೋಡಲು ನನಗೆ ಆಗುವುದಿಲ್ಲ. ಗಂಡನ ಹೆಸರು, ಅವನು ಸತ್ತ ಕಾಳಗ ಪಕ್ಕದ ಕಲ್ಲಿನಲ್ಲಿರುತ್ತವೆ, ಇವಳದು ಎಷ್ಟೋ ಕಡೆ ಬರೀ ಕೈ.

ಗುಡಿ ನೋಡಿದ ಕೂಡಲೇ ಎಷ್ಟು ಹಳೇದು ಅಂತ ಹೇಳೋದು ಹೆಂಗ?

ಕಲ್ಲು ಮತ್ತು ಕಂಬ ನೋಡಿ. ಬದಾಮಿ, ಪಟ್ಟದಕಲ್ಲಿನ ಹಳೇ ಚಾಲುಕ್ಯರದು ಮರಳುಗಲ್ಲು, ಕೆಂಪು ಛಾಯೆ. ಕಲ್ಯಾಣ ಚಾಲುಕ್ಯರ ಹೊತ್ತಿಗೆ, 11-12ನೇ ಶತಮಾನದಲ್ಲಿ, ನಮ್ಮ ಕಡೆಯ ಶಿಲ್ಪಿಗಳು ಬಳಪದ ಕಲ್ಲಿಗೆ ಬಂದರು. ಹಸಿರು-ಬೂದು ಬಣ್ಣ. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಮರದಲ್ಲಿ ಮಾಡುವಷ್ಟು ನಾಜೂಕಾದ ಕೆತ್ತನೆ ಕಲ್ಲಿನಲ್ಲಿ ಸಾಧ್ಯವಾಗಿದ್ದು ಇದರಿಂದಲೇ. ಕಂಬಗಳನ್ನು ತಿರುಗಿಸಿ ಕಡೆಯುತ್ತಿದ್ದರು, ಬಡಿಗೇರರು ತೊಟ್ಟಿಲ ಕಾಲು ಕಡೆದಂತೆ. ಉಂಗುರ ಉಂಗುರವಾಗಿ, ಮುಖ ಕಾಣುವಷ್ಟು ನುಣುಪಾದ ಕಂಬ ಕಂಡರೆ ಈ ಕಾಲ ಅಂತ ಊಹಿಸಬಹುದು. ಕಮಾನು, ಗುಮ್ಮಟ ಕಂಡರೆ ಸುಲ್ತಾನರ ಕಾಲದ ಕಡೆ ಯೋಚಿಸಿ.

ಮೋಸ ಹೋಗುವುದೂ ಸುಲಭ. ಬಾಗಿಲವಾಡ (ಬಾಗಿಲ ಚೌಕಟ್ಟು) ಹಳೆಯದು, ಗೋಡೆ ಮೊನ್ನೆಯದು, ಶಿಖರ ಸಿಮೆಂಟಿನದು, ಹೀಗೆ ಒಂದೇ ಗುಡಿಯಲ್ಲಿ ಮೂರು ಕಾಲ ಕೂಡಿರುತ್ತವೆ. ಮೇಲಿನಿಂದ ಎಣ್ಣೆ ಬಣ್ಣ ಹೊಡೆದಿದ್ದರಂತೂ ದೇವರೇ ಗತಿ. ಬಣ್ಣ ಬಳಿಯದ ಮೂಲೆ, ಹೆಚ್ಚಾಗಿ ಬಾಗಿಲ ಹಿಂದುಗಡೆ, ಹುಡುಕಿ ನೋಡಿ.

ಹಳಗನ್ನಡ ಓದಕ್ಕೆ ಬರಲ್ಲ. ಶಾಸನದ ಮುಂದೆ ನಿಂತು ಏನು ಮಾಡ್ಲಿ?

ಓದದೆಯೂ ಅರ್ಧ ತಿಳಿಯುತ್ತದೆ. ಮೊದಲು ಕಲ್ಲಿನ ತಲೆ ನೋಡಿ. ಲಿಂಗ, ಪಕ್ಕದಲ್ಲಿ ಹಸು-ಕರು, ಸೂರ್ಯ-ಚಂದ್ರ ಇದ್ದರೆ ಶಿವನ ಗುಡಿಗೆ ಕೊಟ್ಟ ದಾನ. ಜಿನಮೂರ್ತಿ ಇದ್ದರೆ ಬಸದಿಗೆ. ಆಮೇಲೆ ಅಕ್ಷರ. ಹನ್ನೊಂದನೇ ಶತಮಾನದ ಹೊತ್ತಿಗೆ ಅಕ್ಷರ ದುಂಡಗಾಗಿರುತ್ತವೆ, ಗುರುತು ಸಿಗುತ್ತವೆ. 'ಸ್ವಸ್ತಿ' ಹುಡುಕಿ. ಶಿವನ ಗುಡಿಗಳಲ್ಲಿ 'ನಮಸ್ತುಂಗ' ಅಂತ ಶುರುವಾಗುವ ಶ್ಲೋಕ ಎಷ್ಟು ಕಡೆ ಬರುತ್ತದೆ ಅಂದರೆ, ಒಂದು ಸಲ ಕಣ್ಣಿಗೆ ಕೂತರೆ ಹಳೇ ಗೆಳೆಯನಂತೆ ಎಲ್ಲ ಕಡೆ ಸಿಗುತ್ತದೆ. ಕೊನೆಗೆ ದಾನ ಕೆಡಿಸಿದವನಿಗೆ ಶಾಪ. ಅದು ಓದಲು ಬಲು ಮಜಾ.

ಶಕ ವರ್ಷ ಸಿಕ್ಕರೆ 78 ಕೂಡಿಸಿ. ಶಕ 929 ಅಂದರೆ 1007.

ಅಕ್ಷರ ಸವೆದಿದ್ದರೆ ಸೈಕಲ್ಲಿನ ದೀಪ ಬಿಚ್ಚಿ, ಕಲ್ಲಿಗೆ ತೀರಾ ಪಕ್ಕದಿಂದ ಹಿಡಿಯಿರಿ. ಕಾಣದ ಸಾಲು ಎದ್ದು ಬರುತ್ತದೆ. ಸುಣ್ಣದ ಬಳಪ, ಹಿಟ್ಟು, ಎಣ್ಣೆ ಏನನ್ನೂ ತಿಕ್ಕಬೇಡಿ.

ಬರೀ ಗುಡಿನೇನಾ? ಬೇರೇನೂ ನೋಡಲ್ವಾ?

ನೋಡುತ್ತೇನೆ. ಹೆಸರುಗಳಿಂದ ಶುರು ಮಾಡಿ. ದುರ್ಗದಬೈಲಿನಲ್ಲಿ ಮಿರ್ಚಿ ತಿನ್ನುವಾಗ ಆ ಹೆಸರು ಬಿಡಿಸಿ ನೋಡಿದ್ದೀರಾ? ದುರ್ಗದ ಬಯಲು. ಕೋಟೆ ಹೋಯಿತು, ಬಯಲಿನಲ್ಲಿ ಅಂಗಡಿ ತುಂಬಿದವು, ಹೆಸರು ಮಾತ್ರ ಕಾವಲು ನಿಂತಿದೆ.

ಧಾರವಾಡದ ಕೋಟೆಯದು ಬಾಗಿಲು ಉಳಿದಿದೆ. ಟಿಪ್ಪುವಿನ ಸೇನಾನಿ ಬದ್ರುಜ್ಜಮಾನ್ ಖಾನ್ ಈ ಕೋಟೆಯನ್ನು ಮರಾಠರು ಮತ್ತು ಇಂಗ್ಲಿಷರ ಮುತ್ತಿಗೆಗೆ ಎದುರಾಗಿ ತಿಂಗಳುಗಟ್ಟಲೆ ಹಿಡಿದಿಟ್ಟುಕೊಂಡಿದ್ದ. 1790ರಲ್ಲಿ ಶುರುವಾದ ಮುತ್ತಿಗೆ ಮುಗಿದಿದ್ದು 1791ರ ಏಪ್ರಿಲಿನಲ್ಲಿ. ಈಗ ಆ ಬಾಗಿಲ ಹತ್ತಿರ ಒಂದು ನಿಮಿಷ ನಿಂತರೆ ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಾನೆ.

ಧಾರವಾಡದಲ್ಲೇ ಕಲೆಕ್ಟರ್ ಥ್ಯಾಕರೆಯ ನೆನಪಿನ ಕಂಬವಿದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಚೆನ್ನಮ್ಮನ ಸೈನ್ಯದ ಎದುರು ಸತ್ತವನು. ಕಿತ್ತೂರಿನಲ್ಲಿ ಗೆದ್ದವರ ಕಥೆ, ಇಲ್ಲಿ ಸೋತವರ ಗುರುತು. ಎರಡನ್ನೂ ನೋಡಿದರೆ ಕಥೆ ಪೂರ್ತಿಯಾಗುತ್ತದೆ. ಇದೂ ಒಂದು ಬಗೆಯ ವೀರಗಲ್ಲೇ ಅಲ್ವಾ? ಅಪ್ಸರೆಯರಿಲ್ಲ ಅಷ್ಟೇ.

ಇನ್ನು ಕರ್ನಾಟಕ ಕಾಲೇಜು. 1917ರಲ್ಲಿ ಶುರುವಾದ ಕಾಲೇಜಿನ ದೊಡ್ಡ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆ ಕಂಪನಿಯ ಕಚೇರಿಯಾಗಿತ್ತು. ಅದನ್ನು ತಿಳಿದು ನೋಡಿದರೆ ಆ ಕಮಾನುಗಳ ಠೀವಿ ಬೇರೆಯೇ ಕಾಣುತ್ತದೆ. ರೈಲಿನ ಹುಚ್ಚಿದ್ದರೆ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಂಗೂ ಹೋಗಿ. ಅಲ್ಲಿನ ಹಳೇ ರೈಲ್ವೆ ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಅಂತ ನಮ್ಮ ನದಿಗಳ ಹೆಸರಿಟ್ಟಿದ್ದಾರೆ.

## ದೂರ ಹೋಗುವವರಿಗೆ, ಆಳಕ್ಕೆ ಇಳಿಯುವವರಿಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸೈಕಲ್ ಮ್ಯಾಲೆ ಹೋಗಬಹುದಾ?

ಸುಮಾರು 20 ಕಿಲೋಮೀಟರ್, ಆರಾಮವಾಗಿ ಹೋಗಬಹುದು. ಹೋಗುವಾಗ ಏರು, ಬರುವಾಗ ಇಳುಕಲು. ದೇವರು ಆ ಮಟ್ಟಿಗೆ ಹುಬ್ಬಳ್ಳಿಯವರ ಕಡೆ. ಚಿಗರಿ, ಅಂದರೆ ಎರಡೂ ಊರುಗಳ ನಡುವೆ ಓಡುವ ವೇಗದ ಬಸ್ಸು, ಅದಕ್ಕೇ ಮೀಸಲಾದ ದಾರಿ ಖಾಲಿ ಇದೆ ಅಂತ ಅದರೊಳಗೆ ನುಗ್ಗಬೇಡಿ, ಬಸ್ಸು ಸದ್ದಿಲ್ಲದೆ ಜೋರಾಗಿ ಬರುತ್ತದೆ. ನವಲೂರಿನಲ್ಲಿ ಪೇರಲ ಕಾಲವಾಗಿದ್ದರೆ ಇಳಿದು ತಿನ್ನಿ. ಧಾರವಾಡ ತಲುಪಿದ ಮೇಲೆ ಸಾಧನಕೇರಿಗೆ ಹೋಗಿ. ಬೇಂದ್ರೆಯವರ ಮನೆ, ಎದುರಿಗೆ ಕೆರೆ, ಉದ್ಯಾನ. ಮನೆ ನೋಡಿ ಕೆರೆ ಸುತ್ತ ನಡೆದರೆ ಅವರ ಪದ್ಯಗಳ ಮಳೆ, ಬೆಳಗು ಎಲ್ಲಿಂದ ಬಂದವು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ಒಂದು ದಿನದ ಸವಾರಿಗೆ ಲಕ್ಕುಂಡಿನೋ ಬಂಕಾಪುರಾನೋ?

ಕೆತ್ತನೆಗೆ ಲಕ್ಕುಂಡಿ. ಸೈಕಲ್ಲಿಗೆ ಬಂಕಾಪುರ. ನನ್ನ ಓಟು ಬಂಕಾಪುರಕ್ಕೆ, ಯಾಕೆ ಅಂತ ಹೇಳುತ್ತೇನೆ.

ಲಕ್ಕುಂಡಿ ಗದಗಿನಿಂದ 12 ಕಿಲೋಮೀಟರ್. ಹುಬ್ಬಳ್ಳಿಯಿಂದಲೇ ತುಳಿದರೆ ಅಲ್ಲಿಗೆ ತಲುಪುವಾಗ ನೋಡುವ ಶಕ್ತಿ ಇರುವುದಿಲ್ಲ. ಗದಗಿನ ತನಕ ಸೈಕಲ್ಲನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದ ಪಟ್ಟಿಗಳನ್ನು ಎಣಿಸುತ್ತಾ ನಿಂತರೆ ಹೊತ್ತು ಹೋಗಿದ್ದು ತಿಳಿಯುವುದಿಲ್ಲ. ಮಾಣಿಕೇಶ್ವರದ ಮುಸುಕಿನ ಬಾವಿಯ ಮೆಟ್ಟಿಲಲ್ಲಿ ಇಳಿಯುವಾಗ ಗೋಡೆಯ ಪುಟ್ಟ ಪುಟ್ಟ ಗುಡಿಗಳನ್ನು ನೋಡಿ. ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ್ದು ಅತ್ತಿಮಬ್ಬೆ. ಶಕ 929 ಅಂತ ಮೇಲೆ ಲೆಕ್ಕ ಮಾಡಿದ್ದು ಅದೇ ವರ್ಷ. ಅಚ್ಚುಮೊಳೆ ಇಲ್ಲದ ಕಾಲದಲ್ಲಿ ಒಂದು ಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು. ರನ್ನ ಕವಿಗೆ ಆಸರೆಯಾದವಳು.

ಆ ರನ್ನ ಓದಿದ ಊರು ಬಂಕಾಪುರ. ಅಲ್ಲಿ ಜೈನ ಗುರು ಅಜಿತಸೇನರ ಬಳಿ ಕಲಿತ. ಊರಿಗೆ ಹೆಸರು ಬಂದಿದ್ದು ನೃಪತುಂಗನ ಸೇನಾನಿ ಬಂಕೆಯನಿಂದ. ನಮ್ಮ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಹೆಸರಿನಲ್ಲಿರುವವನೇ ಈ ರಾಜ. ಕೋಟೆಯೊಳಗಿನ ನಗರೇಶ್ವರ ಗುಡಿಗೆ ಜನ ಕರೆಯುವುದು ಅರವತ್ತು ಕಂಬದ ಗುಡಿ ಅಂತ. ಎಣಿಸಿದರೆ 66 ಸಿಗುತ್ತವೆ. ಈ ಕೋಟೆಯೇ 2006ರಿಂದ ನವಿಲುಧಾಮ, 139 ಎಕರೆ. ಖಿಲಾರಿ ದನಗಳ ತಳಿ ಕೇಂದ್ರವೂ ಅಲ್ಲೇ. ಕಂದಕದ ತುಂಬ ಗಿಡಗಂಟಿ, ದನಗಳ ಸಗಣಿಯಲ್ಲಿ ಹುಳು, ನವಿಲಿಗೆ ಇನ್ನೇನು ಬೇಕು? ಬೆಳಗ್ಗೆ ಬೇಗ ಹೋದರೆ ಗುಡಿ ನೋಡುವಾಗ ಹಿಂದಿನಿಂದ ಕೂಗು ಕೇಳುತ್ತದೆ. ಹಾವೇರಿಯಿಂದ 20 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಹುಬ್ಬಳ್ಳಿಯಿಂದ 50ರ ಆಸುಪಾಸು. ಹೆದ್ದಾರಿಯಲ್ಲಿ ಲಾರಿಗಳ ಜತೆ ಹೋಗುವುದು ಬೇಡ, ಪಕ್ಕದ ಸರ್ವಿಸ್ ರಸ್ತೆ ಇದ್ದಲ್ಲೆಲ್ಲ ಅದನ್ನೇ ಹಿಡಿಯಿರಿ.

ಅಣ್ಣಿಗೇರಿ ಬಿಟ್ಟೇ ಬಿಟ್ರಲ್ಲ?

ಬಿಟ್ಟಿಲ್ಲ. ಹುಬ್ಬಳ್ಳಿ-ಗದಗ ದಾರಿಯಲ್ಲಿ ಅಮೃತೇಶ್ವರ ಗುಡಿ, 1050ರ ಸುಮಾರಿನದು, 76 ಕಂಬ. ಲಕ್ಕುಂಡಿ ತನಕ ಆಗದವರು ಇಲ್ಲಿಗೇ ಬಂದು ತಿರುಗಬಹುದು.

ದಾರ್ಯಾಗ ಮುರಿದ ಮೂರ್ತಿ ಬಿದ್ದಿತ್ತು. ಮನಿಗೆ ತಂದು ಇಟ್ಕೊಂಡ್ರ ಉಳೀತದಲ್ಲ?

ಉಳಿಯುವುದಿಲ್ಲ, ಕಳೆದುಹೋಗುತ್ತದೆ. ಇದ್ದ ಜಾಗದಿಂದ ಎತ್ತಿದ ಕಲ್ಲಿಗೆ ಊರಿಲ್ಲ, ಕಥೆಯಿಲ್ಲ. ನಿಮ್ಮ ಮಗನ ಕಾಲಕ್ಕೆ ಅದು ಹೂಕುಂಡಕ್ಕೆ ಆಧಾರ. ಕಾನೂನೂ ಬಿಡುವುದಿಲ್ಲ. ನೆಲದಲ್ಲಿ ಹುದುಗಿದ್ದು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರ ನಿಧಿ ಕಾಯ್ದೆಯೇ ಹೇಳುತ್ತದೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕ ಕೆಡಿಸಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಫೋಟೋ ತೆಗೆದು, ಊರ ಹಿರಿಯರಿಗೂ ಪಂಚಾಯಿತಿಗೂ ಹೇಳಿ.

ಉಣಕಲ್ ಗುಡಿ ಸುತ್ತ ಮನಿ ಕಟ್ಟ್ಯಾರ. ಎಲ್ಲಾರ್ನೂ ಎಬ್ಬಿಸಬೇಕು ಅಂತೀರಾ?

ಇದಕ್ಕೆ ನನ್ನ ಹತ್ತಿರ ಸಲೀಸಾದ ಉತ್ತರವಿಲ್ಲ. 2010ರಲ್ಲಿ ತಿದ್ದಿದ ಕಾಯ್ದೆಯ ಪ್ರಕಾರ ಕೇಂದ್ರದ ರಕ್ಷಣೆಯ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಆಮೇಲಿನ 200 ಮೀಟರಿನಲ್ಲಿ ಅನುಮತಿ ಬೇಕು. ಗುಡಿಯ ಗೋಡೆಗೆ ಉಸಿರಾಡಲು ಜಾಗ ಬೇಕು, ಬಚ್ಚಲ ನೀರು ಪಾಯಕ್ಕೆ ಇಳಿಯಬಾರದು, ಅದೂ ಸರಿ. ಆದರೆ ಆ ಓಣಿಯಲ್ಲಿ ತಲೆಮಾರುಗಳಿಂದ ಇರುವವರು ಸೂರು ರಿಪೇರಿ ಮಾಡಿಸಲೂ ಅಲೆಯಬೇಕು. ದಾರಿ ಕೇಳಿದಾಗ ಗುಡಿ ತೋರಿಸುವವರು ಅವರೇ. ಹೊತ್ತಿಗೆ ಸರಿಯಾಗಿ, ಊರೊಳಗೇ ಬೇರೆ ಮನೆ ಕೊಟ್ಟರೆ ಮಾತ್ರ ಎಬ್ಬಿಸುವ ಮಾತಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಭಾನುವಾರ ಸೈಕಲ್ಲಿನಲ್ಲಿ ಬಂದು ಹೋಗುವ ನಾನು ಇದಕ್ಕಿಂತ ಜಾಸ್ತಿ ಹೇಳಬಾರದು.

ನಾನು ಕಂಡ ಕಲ್ಲನ್ನ ಸರಿಯಾಗಿ ಬರೆದಿಡೋದು ಹೆಂಗ?

ಒಂದು ನೋಟ್‌ಬುಕ್ ಸಾಕು. ಊರು, ಜಾಗ, ಯಾವ ದಿಕ್ಕಿಗೆ ಮುಖ, ಎತ್ತರ, ಅಗಲ, ಎಷ್ಟು ಅಂಕಣ, ಅಕ್ಷರ ಇವೆಯೋ ಇಲ್ಲವೋ. ಫೋಟೋದಲ್ಲಿ ಅಳತೆಗೆ ಏನಾದರೂ ಪಕ್ಕದಲ್ಲಿಡಿ. ನಾನು ಸೈಕಲ್ ಪಂಪು ಇಡುತ್ತೇನೆ, ನನ್ನ ಎಲ್ಲ ವೀರಗಲ್ಲುಗಳ ಪಕ್ಕದಲ್ಲೂ ಅದೇ ನೀಲಿ ಪಂಪು ನಿಂತಿದೆ.

ಶಾಸನ ಇದ್ದರೆ ಅದು ಆಗಲೇ ಅಚ್ಚಾಗಿರುವ ಸಂಭವ ಹೆಚ್ಚು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವ ಕನ್ನಡ ಸಂಶೋಧನ ಸಂಸ್ಥೆ 1939ರಿಂದ ಈ ಕೆಲಸದಲ್ಲಿದೆ, ಶಾಸನ ಸಂಪುಟಗಳನ್ನು ಹೊರತಂದಿದೆ, ಒಂದು ಮ್ಯೂಸಿಯಂ ಕೂಡ ಇದೆ. ಊರ ಹೆಸರು ಹಿಡಿದು ಸಂಪುಟದಲ್ಲಿ ಹುಡುಕಿ. ನಿಮ್ಮ ಓಣಿಯ ಕಲ್ಲಿನ ಪಾಠ ಅಲ್ಲಿ ಪೂರ್ತಿ ಸಿಕ್ಕರೆ, ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ವಾಪಸ್ ಹೋಗಿ ಕಟ್ಟೆಯ ಮೇಲೆ ಕೂತವರಿಗೆ ಓದಿ ಹೇಳಿ. ಕುಂದಗೋಳ ಕಡೆಯ ಆ ಅಜ್ಜಿಗೆ ನಾನಿನ್ನೂ ಓದಿ ಹೇಳಿಲ್ಲ. ಸುಣ್ಣದ ಕೆಳಗೆ ಅಕ್ಷರ ಇವೆಯೋ ಇಲ್ಲವೋ ನೋಡಬೇಕು, ಮಳೆ ನಿಂತ ಮೇಲೆ ಹೋಗಬೇಕು.